ಗೇಟು ದಾಟಲು ಅಂಜುವವರಿಗೆ ಟೆಲಿ ಮಾನಸ್: ಹಾಸನದಿಂದ ಒಂದು ವಿಮರ್ಶೆ

ತಲೆಗೆ ಪೆಟ್ಟು ಬಿದ್ದು ಚೇತರಿಸಿಕೊಂಡವರಲ್ಲಿ ಮನೆಯಿಂದ ಹೊರಗೆ ಕಾಲಿಡಲು ಅಂಜುವವರು ಕಡಿಮೆಯೇನಿಲ್ಲ. ಆದರೆ ಆ ಅಂಜಿಕೆಗೆ ಚಿಕಿತ್ಸೆ ಪಡೆಯಬೇಕೆಂದರೂ ಮೊದಲು ಹೊರಗೆ ಬರಲೇಬೇಕು. ಈ ತೊಡಕಿನಲ್ಲಿದ್ದ ನಮ್ಮ ಭಾವನವರಿಗಾಗಿ 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು ಬಳಸಿದೆವು.

ಬೇಲೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದ ಭಾವನವರ ಗಾಯ ಮಾಗಿತ್ತು, ಸ್ಕ್ಯಾನ್ ವರದಿಯೂ ಸಮಾಧಾನಕರವಾಗಿತ್ತು. ಆದರೂ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಚಿಲಕಕ್ಕೆ ಕೈ ಹಾಕಿದವರು, ರಸ್ತೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆದರೆ ಸಾಕು, ಬೆವತು ಒಳಗೆ ಬಂದುಬಿಡುತ್ತಿದ್ದರು. ಖಾಸಗಿ ಕ್ಲಿನಿಕ್ಕೊಂದರಲ್ಲಿ ಪೆಟ್ಟಿನ ವಿಷಯವನ್ನೇ ವಿಚಾರಿಸದೆ ನಿದ್ದೆ ಮಾತ್ರೆ ಬರೆದುಕೊಟ್ಟಿದ್ದರು. ಮಿದುಳಿಗೆ ಏಟಾದವರಲ್ಲಿ ಇಂಥ ಕೆಲವು ಮಾತ್ರೆಗಳು ಮಂಪರನ್ನೂ ಬೀಳುವ ಅಪಾಯವನ್ನೂ ಹೆಚ್ಚಿಸಬಲ್ಲವು.

ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಉಚಿತ ಸೇವೆ. ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತನಾಡಬಹುದು. ಮೊದಲು ಅಕ್ಕ ಮಾತನಾಡಿ ನಂತರ ಫೋನನ್ನು ಭಾವನವರ ಕೈಗೆ ಕೊಟ್ಟಳು. "ಹೊರಗೆ ಹೋದಾಗ ಮೊದಲು ಏನಾಗುತ್ತೆ ಸರ್, ತಲೆ ಸುತ್ತುತ್ತಾ, ಇಲ್ಲ ಭಯ ಆಗುತ್ತಾ?" ಎಂದು ಆಪ್ತ ಸಮಾಲೋಚಕಿ ಕೇಳಿದ ಪ್ರಶ್ನೆಯೊಂದಕ್ಕಾಗಿಯೇ ಈ ಸೇವೆಯನ್ನು ಮೆಚ್ಚಬಹುದು. ತಲೆಸುತ್ತಿಗೆ ಒಳಕಿವಿಗೆ ಆದ ಪೆಟ್ಟು ಕಾರಣವಾಗಿರಬಹುದು. ಗದ್ದಲ ಸಹಿಸಲಾಗದಿರುವುದು, ಬೇಡದ ಸದ್ದನ್ನು ಬದಿಗೊತ್ತಲು ಮಿದುಳು ಪಡುವ ಶ್ರಮದಿಂದ ಆಗಬಹುದು. ಫಿಟ್ಸ್ ಬಂದೀತೆಂಬ ಭಯ ಇನ್ನೊಂದು. ಒಂದೊಂದಕ್ಕೂ ಮದ್ದು ಬೇರೆ. ಗಟ್ಟಿ ಮನಸ್ಸು ಮಾಡಿ ಎಂಬ, ನೆಂಟರಿಷ್ಟರಿಂದ ಧಾರಾಳವಾಗಿ ಸಿಗುತ್ತಿದ್ದ ಸಲಹೆ ಅಲ್ಲಿ ಕೇಳಿಬರಲಿಲ್ಲ.

ಅವರ ಸೂಚನೆಯಂತೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಂಡು, ಕಿವಿ ತಪಾಸಣೆಯನ್ನೂ ಮುಗಿಸಿದ ಮೇಲೆ ಅಭ್ಯಾಸ ಶುರುವಾಯಿತು: ಮೊದಲು ಗೇಟು, ಆಮೇಲೆ ಬೀದಿಯ ಕೊನೆ, ಬಳಿಕ ಜನ ಸೇರುವ ಮುನ್ನ ಬೆಳಗಿನ ಹೊತ್ತು ಮಹಾರಾಜ ಪಾರ್ಕ್. ಭಯವಾದರೆ ಅದು ಇಳಿಯುವವರೆಗೆ ಅಲ್ಲೇ ನಿಲ್ಲಬೇಕು, ಆದರೆ ತಲೆ ದಣಿದರೆ ಹಟ ಮಾಡದೆ ಮನೆಗೆ ಮರಳಬೇಕು ಎಂದು ವೈದ್ಯರು ಹೇಳಿಕೊಟ್ಟರು. ಇವೆರಡನ್ನೂ ಬೇರ್ಪಡಿಸಿ ನೋಡಲು ಭಾವನವರಿಗೂ ಅಕ್ಕನಿಗೂ ಸಾಕಷ್ಟು ಸಮಯ ಹಿಡಿಯಿತು. ಪಾರ್ಕು ಈಗ ಒಗ್ಗಿದೆ. ಕಟ್ಟಿನಕೆರೆ ಮಾರುಕಟ್ಟೆ ಇನ್ನೂ ಬಾಕಿಯಿದ್ದು, ಹಾಸನಾಂಬೆಯ ದರ್ಶನದ ಜನಜಂಗುಳಿಯ ಯೋಚನೆಯನ್ನು ಸದ್ಯಕ್ಕೆ ಯಾರೂ ಮಾಡುತ್ತಿಲ್ಲ.

ಫೋನಿನಲ್ಲಿ ನಡಿಗೆಯ ಸಮತೋಲನವನ್ನಾಗಲಿ ಜ್ಞಾಪಕಶಕ್ತಿಯನ್ನಾಗಲಿ ಪರೀಕ್ಷಿಸಲಾಗದು. ದೀರ್ಘ ಮಾತುಕತೆಯೇ ಇಂಥವರಿಗೆ ದಣಿವು ತರುವುದರಿಂದ, ಹೇಳಬೇಕಾದದ್ದನ್ನು ಮೊದಲೇ ಬರೆದಿಟ್ಟುಕೊಂಡು, ಪಕ್ಕದಲ್ಲಿ ಮನೆಯವರೊಬ್ಬರು ಕೂರುವುದು ಒಳಿತು. ಫಿಟ್ಸ್, ವಾಂತಿ, ತಡೆಯಲಾಗದ ತಲೆನೋವು ಕಾಣಿಸಿದರೆ ಕರೆಯಬೇಕಾದದ್ದು 108ನ್ನು. ಮಿದುಳಿನ ಗಾಯಕ್ಕೆಂದೇ ಇರುವ ಪುನಶ್ಚೇತನ ಚಿಕಿತ್ಸೆಗೆ ನಿಮ್ಹಾನ್ಸ್ ಇದೆ, ನಿಜ. ಆದರೆ ಬೀದಿಯ ಕೊನೆಯವರೆಗೆ ನಡೆಯಲು ತಿಂಗಳುಗಟ್ಟಲೆ ಹಿಡಿದವರಿಗೆ ಬೆಂಗಳೂರಿನ ಸುಮಾರು 180 ಕಿಲೋಮೀಟರ್ ಬಸ್ ಪ್ರಯಾಣವನ್ನು ಸೂಚಿಸಲು ನನಗಂತೂ ಬಾಯಿ ಬರುವುದಿಲ್ಲ.