ಅಡಿಕೆ ಲೆಕ್ಕಕ್ಕೆ ಎಸ್‌ಕ್ಯೂಲೈಟ್: ಪ್ರೈಮರಿ ಕೀ ಕಡೆ ಸ್ವಲ್ಪ ಸಡಿಲ

ಶಿರಸಿಯ ಸಣ್ಣ ಅಡಿಕೆ ಮಂಡಿಗೆ, ಲೆಕ್ಕವನ್ನು ಟೇಬಲ್ಲುಗಳಲ್ಲಿಡುವ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಲೈಟ್ ಧಾರಾಳ ಸಾಕು. ಪುಕ್ಕಟೆ, ಸರ್ವರ್ ಬೇಡ, ಇಡೀ ಲೆಕ್ಕ ಒಂದೇ ಫೈಲಿನಲ್ಲಿ. ಆದರೆ ಪ್ರೈಮರಿ ಕೀ ವಿಷಯದಲ್ಲಿ ಮೈಮರೆಯುವಂತಿಲ್ಲ.

ಪ್ರೈಮರಿ ಕೀ ಎಂದರೆ ಟೇಬಲ್ಲಿನ ಪ್ರತಿ ಸಾಲಿನ ಗುರುತು. ಅದು ಖಾಲಿಯೂ ಇರಬಾರದು, ಎರಡು ಸಲವೂ ಬರಬಾರದು. ಎಸ್‌ಕ್ಯೂಲೈಟ್ ಎರಡನೆಯದನ್ನು ಕಟ್ಟುನಿಟ್ಟಾಗಿ ಕಾಯುತ್ತದೆ, ಮೊದಲನೆಯದನ್ನಲ್ಲ. ಟೆಕ್ಸ್ಟ್ ಕಾಲಮ್ಮನ್ನು ಕೀ ಮಾಡಿದರೆ ನಲ್, ಅಂದರೆ ಖಾಲಿ ಬೆಲೆಯನ್ನೂ, ಒಳಗೆ ಬಿಡುತ್ತದೆ. ಇದು ಹಳೆಯ ದೋಷ. ಈಗ ತಿದ್ದಿದರೆ ಹಳೆಯ ಪ್ರೋಗ್ರಾಮುಗಳು ಕೆಡುತ್ತವೆಂದು ಹಾಗೇ ಉಳಿಸಿದ್ದಾರೆ. ನಾಟ್ ನಲ್ ಎಂದು ನೀವೇ ಬರೆಯಿರಿ, ಇಲ್ಲವೇ 2021ರ 3.37 ಆವೃತ್ತಿಯಿಂದ ಬಂದ ಸ್ಟ್ರಿಕ್ಟ್ ಟೇಬಲ್ (ನಿಯಮ ಬಿಗಿಯಾಗಿ ಪಾಲಿಸುವ ಬಗೆ) ಬಳಸಿ.

ಬಿಲ್ ನಂಬರಿಗೆ ಇಂಟಿಜರ್ ಪ್ರೈಮರಿ ಕೀ ಎಂದು ಪೂರ್ತಿ ಬರೆದರೆ ನಂಬರನ್ನು ಎಸ್‌ಕ್ಯೂಲೈಟೇ ಕೊಡುತ್ತದೆ. ಇಂಟ್ ಎಂದು ಗಿಡ್ಡ ಮಾಡಿದರೆ ಕೊಡುವುದಿಲ್ಲ! ಕೊನೆಯ ಬಿಲ್ 1204 ಅಳಿಸಿದಿರಿ ಅನ್ನಿ, ಮುಂದಿನ ಗಿರಾಕಿಗೂ 1204 ಬೀಳುತ್ತದೆ. ಹಳೆಯ ನಂಬರ್ ಮತ್ತೆ ಬರುವುದು ಬೇಡವಾದರೆ ಆಟೋಇನ್‌ಕ್ರಿಮೆಂಟ್ ಸೇರಿಸಬೇಕು.

ಲಾಟ್ ನಂಬರ್ ಪ್ರತಿ ವರ್ಷ 1ರಿಂದ ಶುರುವಾಗುವಲ್ಲಿ ವರ್ಷ, ಲಾಟ್ ಎರಡೂ ಸೇರಿಯೇ ಕೀ ಆಗಬೇಕು. ಬೆಳೆಗಾರರ ಮೊಬೈಲ್ ನಂಬರನ್ನಂತೂ ಕೀ ಮಾಡಬೇಡಿ. ಅಪ್ಪ-ಮಗ ಒಂದೇ ನಂಬರ್ ಕೊಡುವುದು ಇಲ್ಲಿ ಮಾಮೂಲು, ಎರಡನೆಯವರ ಖಾತೆ ತೆರೆಯುವಾಗ 'ಯುನಿಕ್ ಕನ್‌ಸ್ಟ್ರೇಂಟ್ ಫೇಲ್ಡ್' ಎಂದು ನಿಲ್ಲುತ್ತದೆ.

ದೊಡ್ಡ ಕೊರತೆ: ಇರುವ ಟೇಬಲ್ಲಿಗೆ, ಟೇಬಲ್ ಬದಲಿಸುವ ಆದೇಶವಾದ ಆಲ್ಟರ್ ಟೇಬಲ್‌ನಿಂದ ಕೀ ಸೇರಿಸಲಾಗದು. ಗ್ರೂಪ್ ಬೈ, ಹ್ಯಾವಿಂಗ್ ಎಂಬ ಹುಡುಕುವ ಪದಗಳನ್ನು ಹಾಕಿ, ಎರಡೆರಡು ಸಲ ಬಂದ ಸಾಲುಗಳನ್ನು ಹುಡುಕಿ ಹೆಚ್ಚಿನವನ್ನು ತೆಗೆದು, ಕೀ ಇರುವ ಹೊಸ ಟೇಬಲ್ ಮಾಡಿ, ಸಾಲುಗಳನ್ನು ಅದಕ್ಕೆ ತುಂಬಿ, ಹಳೆಯದನ್ನು ಡ್ರಾಪ್ ಮಾಡಿ (ಅಳಿಸಿ), ಹೊಸದಕ್ಕೆ ಹಳೆಯದರ ಹೆಸರಿಡಬೇಕು. ಫೈಲಿನ ಒಂದು ನಕಲು ಮೊದಲೇ ತೆಗೆದಿಡಿ.