ಆಕ್ಟೋಫೋಟೋಮೀಟರ್ ತಗೊಳೋರು ಮುಚ್ಚಳ ನೋಡ್ಕೊಂಡು ತಗೊಳಿ

ನಮ್ ಫಾರ್ಮಸಿ ಕಾಲೇಜಿನ ಲ್ಯಾಬಲ್ಲಿ ಔಷಧಿ ಕೊಟ್ಟ ಇಲಿ ಎಷ್ಟು ಓಡಾಡತ್ತೆ ಅಂತ ಎಣಿಸೋ ಈ ಮೆಷಿನ್ ಬಂದು ಒಂದು ವರ್ಷ ಆಯ್ತು, ಕಂಪನಿ ಹೆಸರು ಬೇಡ. ಚೌಕದ ಡಬ್ಬಿ, ಒಳಗೆ ಆರು ಲೈಟ್ ಬೀಮು, ಎದುರಿಗೆ ಬೆಳಕು ಗುರುತಿಸೋ ಫೋಟೋಸೆಲ್ಲು, ಇಲಿ ಬೀಮ್ ದಾಟಿದಾಗೆಲ್ಲ ಕೌಂಟರ್ ಒಂದು ಏರತ್ತೆ. ಕೌಂಟರ್ ಬಗ್ಗೆ ಕಂಪ್ಲೇಂಟ್ ಇಲ್ಲ, 10 ನಿಮಿಷದ ರೀಡಿಂಗ್ ಸರಿಯಾಗೇ ಬರತ್ತೆ, ಕ್ಲೀನ್ ಮಾಡೋದೂ ಸುಲಭ.

ಆದ್ರೆ ಮುಚ್ಚಳ ಕಪ್ಪು. ಒಳಗೆ ಇಲಿ ಏನ್ ಮಾಡ್ತಿದೆ ಅಂತ ಒಂಚೂರೂ ಕಾಣಲ್ಲ, ಇದು ನನ್ ಪ್ರಕಾರ ದೊಡ್ಡ ತಪ್ಪು. ಯಾಕಂದ್ರೆ ಚುರುಕು ಏರಿಸೋ ಡ್ರಗ್ ಆಂಫೆಟಮಿನ್ನೇ ತಗೊಳಿ, ಅದು ಡೋಪಮಿನ್ ಅನ್ನೋ ಮೆದುಳಿನ ರಾಸಾಯನಿಕವನ್ನ ಸಾಗಿಸೋ ಬಾಗಿಲು, ಅಂದ್ರೆ ಡೋಪಮಿನ್ ಟ್ರಾನ್ಸ್‌ಪೋರ್ಟರ್ ಮೂಲಕ ನರಕೋಶದ ಒಳಗೆ ಹೋಗಿ, ಡೋಪಮಿನ್ನ ಒಳಗೆ ಎಳ್ಕೋಬೇಕಾದ ಅದೇ ಟ್ರಾನ್ಸ್‌ಪೋರ್ಟರಿಂದ ಹೊರಗೆ ಸುರಿಸತ್ತೆ, ಕೊಕೇನ್ ಆದ್ರೆ ಆ ಬಾಗಿಲನ್ನೇ ಬ್ಲಾಕ್ ಮಾಡತ್ತೆ. ಡೋಸ್ ಕಮ್ಮಿ ಇದ್ದಾಗ ಮೆದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನೋ ಭಾಗದಲ್ಲಿ ಡೋಪಮಿನ್ ಏರಿ ಇಲಿ ಡಬ್ಬಿ ತುಂಬಾ ಓಡಾಡತ್ತೆ, ಕೌಂಟೂ ಏರತ್ತೆ. ಡೋಸ್ ಜಾಸ್ತಿ ಮಾಡಿದ್ರೆ ಮೆದುಳಲ್ಲೇ ಇರೋ ಸ್ಟ್ರಯಾಟಮ್‌ನ ಮೇಲಿನ ಭಾಗದ ಆಟ ಶುರು, ಇಲಿ ಒಂದೇ ಕಡೆ ಕೂತು ಮೂಸ್ತಾ, ನೆಕ್ತಾ, ಕಡೀತಾ ಇರತ್ತೆ, ಅದನ್ನೇ ಸ್ಟೀರಿಯೋಟೈಪಿ ಅನ್ನೋದು. ಆಗ ಕೌಂಟ್ ಇಳಿಯತ್ತೆ! ಬೀಮ್ ಮುಂದೆನೇ ಕೂತು ತಲೆ ಆಡಿಸ್ತಿದ್ರೆ ಸುಮ್ನೆ ಏರಲೂಬಹುದು. ನಂಬರ್ ಮಾತ್ರ ನೋಡಿದೋರು ಮಂಪರು ಅಂತ ಬರ್ಕೋತಾರೆ.

ನಾವು ಮಾಡೋದು ಕೆಫೀನ್ ಕೊಟ್ಟು. ಆಂಫೆಟಮಿನ್ ಮಾದಕ ವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆ ಕೆಳಗೆ ಬರತ್ತಲ್ಲ, ಕಾಲೇಜಿಗೆ ತರಿಸೋದು ಸುಲಭ ಅಲ್ಲ. ಕೆಫೀನ್ ದಾರಿನೇ ಬೇರೆ, ಮಂಪರು ತರಿಸೋ ಅಡೆನೋಸಿನ್ ಅನ್ನೋ ರಾಸಾಯನಿಕ ಕೂರೋ ರಿಸೆಪ್ಟರ್‌ಗಳನ್ನ ತಡೆದು ಡೋಪಮಿನ್ ಸಿಗ್ನಲ್‌ಗೆ ಇದ್ದ ಬ್ರೇಕ್ ತೆಗೆಯತ್ತೆ. ಅದ್ರಲ್ಲೂ ಮಧ್ಯಮ ಡೋಸಲ್ಲಿ ಓಡಾಟ ಏರಿ ತುಂಬಾ ಜಾಸ್ತಿ ಆದ್ರೆ ಇಳಿಯತ್ತೆ, ಹಾಗಾಗಿ ಕಣ್ಣಲ್ಲಿ ನೋಡಲೇಬೇಕು.

ಇನ್ನೊಂದು, ಹೊಸ ಡಬ್ಬಿಗೆ ಬಿಟ್ಟ ಕೂಡ್ಲೆ ಇಲಿ ಮೂಲೆಮೂಲೆ ಹುಡುಕತ್ತೆ, ಡ್ರಗ್ ಇಲ್ದೇನೂ ಕೌಂಟ್ ಜೋರು, ಅದಕ್ಕೆ ಮೊದ್ಲು ಅಭ್ಯಾಸ ಮಾಡಿಸಿ, ಹೋಲಿಕೆಗೆ ಬರೀ ಸಲೈನ್ (ಉಪ್ಪುನೀರು) ಕೊಟ್ಟ ಗುಂಪೂ ಇಟ್ಕೊಳಿ. ಪ್ರತಿ ಇಲಿ ಆದ್ಮೇಲೆ ಒಳಗೆ ಒರೆಸಿ, ಹಿಂದಿನ ಇಲಿ ವಾಸನೆ ಮುಂದಿನದರ ಓಡಾಟ ಬದಲಾಯಿಸತ್ತೆ. ಒಂದು ಜೀವದಿಂದ ರೀಡಿಂಗ್ ತಗೋತಿದೀವಿ, ಅದು ವೇಸ್ಟ್ ಆಗಬಾರ್ದು.

ನಾವು ಕೊನೆಗೆ ಅಂಗಡೀಲಿ ಪಾರದರ್ಶಕ ಅಕ್ರಿಲಿಕ್ ಶೀಟ್ ಕಟ್ ಮಾಡಿಸಿ ಹಾಕಿದ್ವಿ, ಈಗ ಕೌಂಟ್ ಜೊತೆ ಇಲಿ ಏನ್ ಮಾಡ್ತಿದೆ ಅನ್ನೋದನ್ನೂ ಬರ್ಕೋತೀವಿ. 5ಕ್ಕೆ 3 ಸ್ಟಾರ್, ಆ ಮೂರೂ ಕೌಂಟರ್‌ಗೆ.