ಕಾಯಿಲ್‌ಓವರ್‌ಗೂ ಸರ್ಟಿಫಿಕೇಟ್, ವೀಲ್‌ಗೂ ಸರ್ಟಿಫಿಕೇಟ್: ಎರಡೂ ಇದ್ದು ಕಾರು ಫೇಲ್ ಆಗುವುದು ಹೀಗೆ

ಒಂದು ಹ್ಯಾಚ್‌ಬ್ಯಾಕ್. ಕಾಯಿಲ್‌ಓವರ್ (ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಕಿಟ್‌ ಜೊತೆ ಸರ್ಟಿಫಿಕೇಟ್ ಬಂದಿತ್ತು, ಅಲಾಯ್ ವೀಲ್‌ ಜೊತೆಗೂ ಬಂದಿತ್ತು. ಎರಡೂ ಅಸಲಿ ಕಾಗದಗಳೇ. ಆದರೂ ಕಾರು ತಪಾಸಣೆಯಲ್ಲಿ ಫೇಲ್ ಆಯಿತು. ಮಾರಿದ ಅಂಗಡಿಯವರು "ನಮ್ಮ ಪಾರ್ಟ್ ಲೀಗಲ್ಲೇ" ಎಂದು ಕೈತೊಳೆದುಕೊಂಡರು. ಅವರ ಮಾತು ಸುಳ್ಳೂ ಅಲ್ಲ, ಅದೇ ಇಲ್ಲಿನ ತೊಡಕು. ಪಾಸಾಗಬೇಕಾದದ್ದು ಪಾರ್ಟ್ ಅಲ್ಲ, ಎಲ್ಲ ಪಾರ್ಟ್‌ಗಳೂ ಕೂತ ಮೇಲಿನ ಕಾರು.

ಸ್ಪ್ರಿಂಗ್ ಸರ್ಟಿಫಿಕೇಟನ್ನು ಕೊನೆಯ ಪುಟದವರೆಗೆ ಓದಿದರೆ ಷರತ್ತುಗಳು ಸಿಗುತ್ತವೆ. ಬಹಳಷ್ಟರಲ್ಲಿ "ಕಂಪನಿ ವೀಲ್ ಮತ್ತು ಟೈರ್ ಜೊತೆ ಮಾತ್ರ" ಎಂದಿರುತ್ತದೆ. ವೀಲಿನ ಕಾಗದದಲ್ಲಿ "ಕಂಪನಿ ಸಸ್ಪೆನ್ಷನ್ ಜೊತೆ ಮಾತ್ರ" ಎಂದಿರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದಿರೋ, ಎರಡೂ ಕಾಗದ ಕೆಲಸಕ್ಕೆ ಬಾರವು. ಜರ್ಮನಿಯಲ್ಲಾದರೆ ಆಗ ಸಾಮಾನ್ಯ ಮಾರ್ಪಾಡು ತಪಾಸಣೆ ಸಾಲದು, ಇಡೀ ಜೋಡಣೆಗೆ ಅಲ್ಲಿನ ವಾಹನ ನಿಯಮಾವಳಿಯ 21ನೇ ಸೆಕ್ಷನ್ ಅಡಿ ಬಿಡಿ ಅನುಮೋದನೆ (ಆ ಒಂದು ಕಾರಿಗೆ ಮಾತ್ರ ಕೊಡುವುದು) ಬೇಕು. ಇನ್ನೊಂದು ಮೋಸವೂ ಅಲ್ಲಿಂದಲೇ ಬರುತ್ತದೆ. "ಟಿಯುವಿ (ಜರ್ಮನಿಯ ತಪಾಸಣಾ ಸಂಸ್ಥೆ) ಪೇಪರ್ ಇದೆ" ಎಂದು ತೋರಿಸುವುದು ಎಷ್ಟೋ ಸಲ ವೀಲಿನ ಗಟ್ಟಿತನದ ಪರೀಕ್ಷಾ ವರದಿ ಅಷ್ಟೆ. ವೀಲ್ ಮುರಿಯುವುದಿಲ್ಲ ಎನ್ನುತ್ತದೆ, ನಿಮ್ಮ ಕಾರಿಗೆ ಹೊಂದುತ್ತದೆ ಎನ್ನುವುದಿಲ್ಲ. ಕಾಗದದಲ್ಲಿ ನಿಮ್ಮ ಮಾಡೆಲ್‌ನ ಟೈಪ್ ಕೋಡ್ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಅದು ಆ ಕಾರಿನ ಕಾಗದವೇ ಅಲ್ಲ.

ಈಗ ಲೆಕ್ಕ. ಆ ಕಾರಿನ ಕಂಪನಿ ವೀಲ್ 6.5ಜೆ×16 (ಅಗಲ 6.5 ಇಂಚು, ವ್ಯಾಸ 16 ಇಂಚು), ಆಫ್‌ಸೆಟ್ 45 (ವೀಲಿನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.ಯಲ್ಲಿ). ಹೊಸದು 8ಜೆ×18, ಆಫ್‌ಸೆಟ್ 35. ಟೈರ್ 205/55 ಆರ್16ರಿಂದ 225/40 ಆರ್18ಕ್ಕೆ ಹೋಯಿತು. ಒಟ್ಟು ವ್ಯಾಸ ಸುಮಾರು 632 ಮಿ.ಮೀ. ಇದ್ದದ್ದು 637 ಆಯಿತು. ಶೇಕಡಾ ಒಂದೂ ಇಲ್ಲ, ಸ್ಪೀಡೋಮೀಟರ್ ತಕರಾರು ಬರುವುದಿಲ್ಲ. ಎಲ್ಲರೂ ಇಷ್ಟು ನೋಡಿ ಸಮಾಧಾನವಾಗುತ್ತಾರೆ. ಆದರೆ ರಿಮ್ಮಿನ ಹೊರ ಅಂಚು 29 ಮಿ.ಮೀ. ಆಚೆ ಬಂದಿದೆ, ಒಳ ಅಂಚು 9 ಮಿ.ಮೀ. ಒಳಕ್ಕೆ ಹೋಗಿದೆ. ಕಂಪನಿ ಸ್ಟ್ರಟ್ (ಶಾಕ್ ಕಂಬ) ಇದ್ದಿದ್ದರೆ ಆ 9 ಮಿ.ಮೀ.ಗೆ ಜಾಗವಿತ್ತು. ಕಾಯಿಲ್‌ಓವರ್‌ನ ಅಡ್ಜಸ್ಟರ್ ರಿಂಗ್ ಕೆಳಗೆ ಇಳಿದು ಟೈರಿನ ಭುಜದ ಎದುರಿಗೇ ಬಂತು, ಟೈರ್ ಉಜ್ಜತೊಡಗಿತು.

ಉಜ್ಜುವುದು ತಪ್ಪಲೆಂದು ಹಬ್‌ಗೂ ವೀಲ್‌ಗೂ ನಡುವೆ 5 ಮಿ.ಮೀ. ಸ್ಪೇಸರ್ ಬಿಲ್ಲೆ ಹಾಕಿದರು. ಕೆಲಸ ಕೆಟ್ಟಿದ್ದು ಇಲ್ಲಿ. ಆಫ್‌ಸೆಟ್ ಬದಲಾದದ್ದರಿಂದಲೇ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಗಲ) ಎರಡೂ ಕಡೆ ಸೇರಿ 20 ಮಿ.ಮೀ. ಹೆಚ್ಚಾಗಿತ್ತು, ಸ್ಪೇಸರ್ ಸೇರಿ 30 ಆಯಿತು. ಆಸ್ಟ್ರೇಲಿಯಾದ ವಾಹನ ಮಾರ್ಪಾಡು ನಿಯಮಾವಳಿ ವಿಎಸ್‌ಬಿ 14ರಲ್ಲಿ ಸಾಮಾನ್ಯ ಪ್ಯಾಸೆಂಜರ್ ಕಾರಿಗೆ ಮಿತಿ 25, ಸ್ಪೇಸರ್‌ಗೆ ಅಲ್ಲಿ ಅನುಮತಿಯೂ ಇಲ್ಲ. ಹೊರ ಅಂಚು 34 ಮಿ.ಮೀ. ಆಚೆ ಬಂದು ಟೈರಿನ ಟ್ರೆಡ್ ಫೆಂಡರ್‌ನಿಂದ ಇಣುಕಿತು. ಯುರೋಪಿನ ನಿಯಮದಲ್ಲಿ ಚಕ್ರದ ನಡುವಿನಿಂದ ನೆಟ್ಟಗೆ ಮೇಲಕ್ಕೆ ಎಳೆದ ಗೆರೆಯಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿವರೆಗೆ ಟ್ರೆಡ್ ಮುಚ್ಚಿರಬೇಕು. ಮುಂದೆ ಸರಿಯಾಗಿದ್ದು ಹಿಂದಿನ 50 ಡಿಗ್ರಿಯಲ್ಲಿ ಸಿಕ್ಕಿಬೀಳುವುದೇ ಹೆಚ್ಚು.

ಬೋಲ್ಟ್ ಬದಲಿಸದೆ ಸ್ಪೇಸರ್ ಹಾಕಿದರೆ ಹಬ್ಬಿನೊಳಗೆ ಹೋಗುವ ಥ್ರೆಡ್ಡೂ 5 ಮಿ.ಮೀ. ಕಡಿಮೆ. ತಪಾಸಕರು ಇದನ್ನು ಸುತ್ತು ಎಣಿಸಿ ನೋಡುತ್ತಾರೆ: ಎಂ12×1.5 (12 ಮಿ.ಮೀ. ದಪ್ಪ, ಥ್ರೆಡ್ ಅಂತರ 1.5 ಮಿ.ಮೀ.) ಬೋಲ್ಟ್ ಕನಿಷ್ಠ ಆರೂವರೆ ಸುತ್ತು, ಎಂ14×1.5 ಏಳೂವರೆ ಸುತ್ತು ಕಚ್ಚಬೇಕು. ಬೋಲ್ಟ್ ಕೂರುವ ಆಕಾರವೂ ಮುಖ್ಯ. ಕಂಪನಿ ಬೋಲ್ಟ್ ದುಂಡು ಸೀಟಿನದು, ಅಲಾಯ್ ವೀಲ್ 60 ಡಿಗ್ರಿ ಕೋನ್‌ನದು ಆಗಿದ್ದರೆ, ಬಿಗಿಯಾಯಿತೆಂದು ಟಾರ್ಕ್ ರೆಂಚ್ ಕ್ಲಿಕ್ ಎನ್ನುತ್ತದೆ, ಆದರೆ ಬೋಲ್ಟ್ ತೆಳ್ಳನೆಯ ಒಂದು ಬಳೆಯ ಮೇಲೆ ಮಾತ್ರ ಕೂತಿರುತ್ತದೆ. ಬಿಚ್ಚಿ ನೋಡಿದರೆ ಸೀಟಿನಲ್ಲಿ ಹೊಳೆಯುವ ಸಣ್ಣ ಗೆರೆಯೊಂದೇ ಕಾಣುತ್ತದೆ. ಸರಿಯಾಗಿ ಕೂತಿದ್ದರೆ ಸೀಟಿನ ಅಗಲಕ್ಕೂ ಗುರುತು ಬಿದ್ದಿರಬೇಕು.

ಸ್ಪ್ರಿಂಗ್ ಕಡೆ ಫೇಲ್ ಆದದ್ದು ಟ್ರಾವೆಲ್‌ನಲ್ಲಿ, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ದೂರದಲ್ಲಿ. ವಿಎಸ್‌ಬಿ 14 ಪ್ರಕಾರ ಮೂಲ ಸಸ್ಪೆನ್ಷನ್ ಟ್ರಾವೆಲ್‌ನ ಮೂರನೇ ಎರಡು ಭಾಗ ಉಳಿಯಬೇಕು. ಮೇಲ್ಮುಖ ಟ್ರಾವೆಲ್ 70 ಮಿ.ಮೀ. ಇದ್ದ ಕಾರನ್ನು 40 ಇಳಿಸಿದರೆ ಉಳಿಯುವುದು 30, ಬೇಕಾದದ್ದು 47. ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಅಮುಕಿದಾಗ ತಡೆಯುವ ರಬ್ಬರ್) ಕತ್ತರಿಸಿ ಟ್ರಾವೆಲ್ ತೋರಿಸುವ ಉಪಾಯ ನಡೆಯುವುದಿಲ್ಲ, ಕತ್ತರಿಸಿದ ಗುರುತು ಶಾಕ್‌ನ ರಬ್ಬರ್ ಕವಚ ಎತ್ತಿದ ಕೂಡಲೇ ಕಾಣುತ್ತದೆ. ಕಾರನ್ನು ಲಿಫ್ಟ್‌ಗೆ ಹಾಕಿ ಚಕ್ರ ತೂಗುಬಿಟ್ಟಾಗ ಸ್ಪ್ರಿಂಗ್ ಕೈಯಲ್ಲಿ ಅಲ್ಲಾಡಬಾರದು. ಅಲ್ಲಾಡಿದರೆ ಗುಂಡಿಗೆ ಬಿದ್ದೆದ್ದಾಗ ಅದು ಸೀಟ್ ತಪ್ಪಿ ಕೂರಬಹುದು, ಅಲ್ಲಿಗೇ ತಪಾಸಣೆ ಮುಗಿಯಿತು. ಕತ್ತರಿಸಿದ ಅಥವಾ ಕಾಯಿಸಿ ಇಳಿಸಿದ ಸ್ಪ್ರಿಂಗ್ ಬಗ್ಗೆ ಬರೆಯುವುದೂ ವ್ಯರ್ಥ.

ಅಳತೆ ತೆಗೆಯುವಾಗ ನೆಲದಿಂದ ಫೆಂಡರ್‌ಗೆ ಅಳೆಯಬೇಡಿ, ಟೈರ್ ಬದಲಾದರೆ ಅದೂ ಬದಲಾಗುತ್ತದೆ. ಹಬ್ಬಿನ ನಡುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ, ಹಳೇ ಸ್ಪ್ರಿಂಗ್ ಇರುವಾಗಲೇ ನಾಲ್ಕೂ ಕಡೆ ಬರೆದಿಡಿ. ಹೊಸ ಸ್ಪ್ರಿಂಗ್ ಒಂದಷ್ಟು ಓಡಿ ಕೂತ ಮೇಲೆ ಕೆಲವು ಮಿ.ಮೀ. ಇನ್ನೂ ಇಳಿಯುತ್ತದೆ, ಮಿತಿಯ ಅಂಚಿಗೆ ಇಟ್ಟವರು ಇದರಲ್ಲೇ ಸೋಲುತ್ತಾರೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್‌ಔಟ್ ಇಟ್ಟುಕೊಳ್ಳಿ, ಹೆಡ್‌ಲೈಟ್ ಮಟ್ಟ ಸರಿಪಡಿಸಿ, ಕ್ಯಾಮೆರಾ ರಾಡಾರ್ ಇರುವ ಕಾರಾದರೆ ಕ್ಯಾಲಿಬ್ರೇಷನ್ ಮಾಡಿಸಿ. ಒಂದು ಮುಂದಿನ ಚಕ್ರ ಮತ್ತು ಎದುರು ಮೂಲೆಯ ಹಿಂದಿನ ಚಕ್ರ ದಿಮ್ಮಿಯ ಮೇಲೇರಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಎಳೆಯುತ್ತದೆಯೇ, ಟೈರ್ ಎಲ್ಲಿ ಮುಟ್ಟುತ್ತದೆ ನೋಡಿ. ತಪಾಸಕರು ಮಾಡುವುದೂ ಇದನ್ನೇ.

ಟೈರ್ ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಸಂಕೇತ ಸಂಖ್ಯೆ) ಬೇಗ ಮುಗಿಯುವ ಲೆಕ್ಕ: ಆಕ್ಸಲ್ ಭಾರ 1,010 ಕೆ.ಜಿ. ಇದ್ದರೆ ಒಂದು ಟೈರಿಗೆ 505. 84 ಎಂದರೆ 500 ಕೆ.ಜಿ., ಸಾಲದು, 85 ಎಂದರೆ 515, ಸಾಕು. ವೀಲಿನ ಹಿಂಬದಿಯಲ್ಲಿ ಅಚ್ಚೊತ್ತಿದ ಭಾರದ ಮಿತಿಯೂ ಅಷ್ಟಿರಬೇಕು.

ಇನ್ನು ಕೆಲಸದ ಕ್ರಮ. ಕೊಳ್ಳುವ ಮುಂಚೆಯೇ, ಸಹಿ ಹಾಕುವ ತಪಾಸಕರ ಬಳಿ ಎರಡೂ ಕಾಗದ, ವೀಲ್ ಅಳತೆ, ಟೈರ್ ಸೈಜ್, ಎಷ್ಟು ಇಳಿಸುತ್ತೀರಿ ಎಂಬುದನ್ನು ಒಂದೇ ಹಾಳೆಯಲ್ಲಿ ಕೊಟ್ಟು "ಈ ಜೋಡಣೆ ಆಗುತ್ತದೆಯೇ" ಎಂದು ಬರಹದಲ್ಲಿ ಕೇಳಿ. ಒಪ್ಪಿಗೆಯೂ ಬರಹದಲ್ಲೇ ಬರಲಿ. ಭಾರತದಲ್ಲಂತೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡಿಗೆ ಅವಕಾಶವಿಲ್ಲ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಹೊರದೇಶದ ಸರ್ಟಿಫಿಕೇಟ್ ಅಲ್ಲಿ ಬರೀ ಕಾಗದ. ಸ್ಪ್ರಿಂಗ್ ಮೇಲಿನ ನಂಬರ್, ವೀಲಿನ ಹಿಂದಿನ ಅಚ್ಚು, ಇವುಗಳ ಫೋಟೋ ಕೂರಿಸುವ ಮುಂಚೆಯೇ ತೆಗೆದಿಡಿ, ಬಣ್ಣದಲ್ಲಿ ಬರೆದ ನಂಬರ್ ಮಳೆ ಮಣ್ಣಿಗೆ ಅಳಿಯುತ್ತದೆ. ಮಾರಾಟಗಾರರಿಂದ ಬಿಲ್ಲಿನ ಮೇಲೇ "ತಪಾಸಣೆಯಲ್ಲಿ ಫೇಲ್ ಆದರೆ ವಾಪಸ್" ಎಂದು ಬರೆಸಿಕೊಳ್ಳಿ. ಹಾಗೆ ಬರೆಯಲು ಒಪ್ಪದವರ ಬಳಿ ಕೊಳ್ಳದಿರುವುದೇ ಮೇಲು.

ಪಾಸಾದ ಮೇಲೆ ಕಾಯಿಲ್‌ಓವರ್‌ನ ಎತ್ತರ ಹಿಡಿದಿಡುವ ಲಾಕ್ ರಿಂಗಿನ ಮೇಲೆ ಬಣ್ಣದ ಗೆರೆ ಎಳೆಸಿ, ಆ ಎತ್ತರವನ್ನು ಕಾಗದದಲ್ಲಿ ನಮೂದಿಸಿರಬೇಕು. ಇನ್ಶೂರೆನ್ಸ್ ಕಂಪನಿಗೂ ಪ್ರತಿ ಕಳಿಸಿ. ಮುಂದೆ ಟೈರ್ ಸವೆದು ಬದಲಿಸುವಾಗ ಸೈಜ್ ಒಂದೇ ಇದ್ದರೂ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ನಿಜವಾದ ಅಗಲ ಕೆಲವು ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ. ಒಳಗೆ ಉಳಿದ ಜಾಗ ನಾಲ್ಕೈದು ಮಿ.ಮೀ. ಮಾತ್ರವಾಗಿದ್ದರೆ ಹೊಸ ಟೈರನ್ನು ಮೊದಲು ಒಂದು ಚಕ್ರಕ್ಕೆ ಮಾತ್ರ ಹಾಕಿಸಿ, ಅಳೆದು ನೋಡಿ, ಆಮೇಲೆ ಉಳಿದ ಮೂರಕ್ಕೆ ದುಡ್ಡು ಕೊಡಿ.